ಅಜ್ಜಿ ಕಟ್ಟಿಸಿದ ದಾರ

ವಿಯೆಂಟಿಯಾನ್‌ನ ಆಸ್ಪತ್ರೆಯಲ್ಲಿ ಮೊದಲ ಆಪರೇಷನ್‌ಗೆ ಕೈ ತೊಳೆಯಲು ನಿಂತ ವೈದ್ಯ ವಿದ್ಯಾರ್ಥಿನಿ ವಿಲಾಯ್‌ಗೆ ನಲ್ಲಿ ತಿರುಗಿಸಲು ಧೈರ್ಯ ಬರಲಿಲ್ಲ. ಮೊಣಕೈವರೆಗೆ ಬರಿಗೈ ಇರಬೇಕು. ಅವಳ ಮಣಿಕಟ್ಟಿನ ತುಂಬ ಬಿಳಿ ದಾರಗಳು. ಮೊಮ್ಮಗಳ ಜೀವ ಹೆದರಿ ಮೈಬಿಟ್ಟು ಓಡದಿರಲೆಂದು ಅಜ್ಜಿ ನಿನ್ನೆಯಷ್ಟೇ ನೆಂಟರನ್ನೆಲ್ಲ ಸೇರಿಸಿ ಕಟ್ಟಿಸಿದ್ದಳು. ಮೂರು ದಿನ ತೆಗೆಯುವಂತಿಲ್ಲ.

ನರ್ಸ್ ಕತ್ತರಿ ತಂದಳು. ವಿಲಾಯ್ ಕೈ ಹಿಂದಕ್ಕೆಳೆದುಕೊಂಡಳು.

"ಇಡಮ್ಮ ಅದನ್ನ," ಎಂದು ನರ್ಸ್‌ಗೆ ಗದರಿದರು ಸರ್ಜನ್ ಬುನ್‌ಥಾಮ್ ಮೇಷ್ಟ್ರು. "ಈ ದಾರಕ್ಕೆ ಯಾರಾದ್ರೂ ಕತ್ತರಿ ಹಾಕ್ತಾರಾ? ಇವಳಜ್ಜಿ ಬಂದು ನನ್ನ ಗ್ರಹಚಾರ ಬಿಡಿಸ್ತಾರೆ."

ಗೊಣಗುತ್ತಲೇ ಸ್ಟೂಲ್ ಎಳೆದು ಕೂತು, ಒಂದೊಂದೇ ಗಂಟು ಬಿಚ್ಚಿ ದಾರಗಳನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. "ಆಪರೇಷನ್ ಮುಗಿಯೋ ತನಕ ನಿನ್ನ ಜೀವ ನನ್ನ ಜೇಬಲ್ಲಿರತ್ತೆ. ಕೈ ನಡುಗಿಸ್ಬೇಡ."

ಒಳಗೆ ಮೇಷ್ಟ್ರು ಚಾಕುವನ್ನು ಅವಳ ಕೈಗೇ ಕೊಟ್ಟರು. ಕೆಲಸ ಕೆಡಲಿಲ್ಲ. ರೋಗಿಯನ್ನು ವಾರ್ಡಿಗೆ ಕಳಿಸಿದ ಮೇಲೆ ಮೇಷ್ಟ್ರು ದಾರಗಳನ್ನು ಅವಳ ಕೈಗೆ ಮತ್ತೆ ಕಟ್ಟಿದರು, ಹೊಲಿಗೆಗೆ ಹಾಕುವ ಗಟ್ಟಿ ಗಂಟಿನಲ್ಲೇ. ಒಂದನ್ನು ಮಾತ್ರ ಉಳಿಸಿಕೊಂಡು ತಮ್ಮ ಕೈ ಚಾಚಿದರು.

"ಇದನ್ನ ನನಗೆ ಕಟ್ಟು. ನೀನು ಚಾಕು ಹಿಡಿದಾಗ ಓಡಿಹೋಗಿದ್ದು ನನ್ನ ಜೀವ."