ಮೂರನೆಯ ಕಾದಂಬರಿಯ ಹೆದರಿಕೆ

ಕಂಪ್ಲಿಯ ನೀಲಗಂಗಮ್ಮನಿಗೆ ಓದು ಕಲಿಸಿದವನು ಅವಳ ಅಣ್ಣ ಹಾಲಸ್ವಾಮಿ. ಹೊಸಪೇಟೆಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಅವನು ಸಾವಿರದ ಒಂಬೈನೂರ ಮೂವತ್ತಾರರ ಯುಗಾದಿಗೆ ಬಂದಾಗ ತಂಗಿಗೆ ಮೂರು ಕಾದಂಬರಿ ಕೊಟ್ಟು ಹೋದ.

ಮೊದಲನೆಯದನ್ನು ಓದಿ ಅವಳು ಅತ್ತಳು, ಆಮೇಲೆ ಸಿಟ್ಟಾದಳು. ಹೊಳೆ ದಾಟುವಾಗ ಹರಿಗೋಲು ಮುಗುಚಿ ನಾಯಕಿಯ ಕೂಸು ಸಾಯುತ್ತದೆ. ಆ ಕೂಸು ಬದುಕಿದ್ದರೂ ಕತೆ ನಡೆಯುತ್ತಿತ್ತು, ಬರೆದವರಿಗೇನು ಹೋಗುತ್ತಿತ್ತು ಎಂದು ದಿನವೆಲ್ಲ ಗೊಣಗಿದಳು. ಎರಡನೆಯದು ಪತ್ತೇದಾರಿ. ಕಳ್ಳ ಯಾರೆಂದು ನಲವತ್ತನೆಯ ಪುಟದಲ್ಲೇ ಹೊಳೆದುಬಿಟ್ಟಿತು. ಗಂಡನಿಗೆ ಅದನ್ನು ಹೇಳಿ ಹೆಮ್ಮೆಪಟ್ಟಳು. ಅಕ್ಕಿ ವ್ಯಾಪಾರದ ಉಜ್ಜಿನಪ್ಪ ಊಟ ಮಾಡುತ್ತಲೇ ಹೂಂಗುಟ್ಟಿದ.

ಮೂರನೆಯದರಲ್ಲಿ ಮಕ್ಕಳಾಗದ ಸೊಸೆಯೊಬ್ಬಳಿದ್ದಳು. ಅವಳ ಅತ್ತೆ ದಿನವೂ ತಲೆ ಸವರಿ ಹಾಲು ಕುಡಿಸುತ್ತಾಳೆ; ಹಾಲಿನಲ್ಲಿ ಚೂರು ಚೂರೇ ವಿಷ. ಆ ಪುಟಕ್ಕೆ ಬಂದಾಗ ನೀಲಗಂಗಮ್ಮ ಅದೇ ಸಾಲನ್ನು ಎರಡು ಸಲ ಓದಿದಳು. ಅವಳ ಮದುವೆಯಾಗಿ ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಕ್ಕಳಾಗಲೆಂದು ಅತ್ತೆ ಮುದುಕಮ್ಮ ಹಂಪಿಯ ದಾರಿಯಲ್ಲಿ ಬೇರು ಮಾರುವವನೊಬ್ಬನಿಂದ ಔಷಧಿ ತಂದು, ಎರಡು ದಿನದಿಂದ ಹಾಲಿನಲ್ಲಿ ತೇಯ್ದು ಕೊಡುತ್ತಿದ್ದಳು.

ಬೆಳಿಗ್ಗೆಯಿಂದ ಅಕ್ಷರಗಳು ಮಂಜುಮಂಜಾಗಿ ಕಾಣುತ್ತಿದ್ದವು. ಎಷ್ಟು ನೀರು ಕುಡಿದರೂ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಹೋದ ತಿಂಗಳು ಅತ್ತೆ ಪಕ್ಕದ ಮನೆಯವಳ ಹತ್ತಿರ, "ಸೊಂಡೂರಿನ ನಮ್ಮಣ್ಣನ ಮಗಳು ಭಾಳ ಲಕ್ಷಣದಾಕಿ, ಇನ್ನೂ ಮದುವ್ಯಾಗಿಲ್ಲ" ಎಂದಿದ್ದು ನೆನಪಾಯಿತು. ಪುಸ್ತಕ ಮುಚ್ಚಿಟ್ಟಳು. ಮುಂದೆ ಓದುವ ಧೈರ್ಯ ಬರಲಿಲ್ಲ.

ಮರುದಿನದಿಂದ ಅತ್ತೆ ಆಚೆ ತಿರುಗಿದೊಡನೆ ಹಾಲನ್ನು ಬಚ್ಚಲಿಗೆ ಸುರಿಯತೊಡಗಿದಳು. ಎರಡೇ ದಿನಕ್ಕೆ ಕಣ್ಣು ತಿಳಿಯಾಯಿತು. ಅದರಿಂದ ಅವಳ ಹೆದರಿಕೆ ಇನ್ನೂ ಹೆಚ್ಚಿತು. ಅತ್ತೆ ಮೊದಲು ತುತ್ತೆತ್ತುವ ತನಕ ತಾನು ಅನ್ನ ಮುಟ್ಟುತ್ತಿರಲಿಲ್ಲ. ಗಂಡನಿಗೆ ಹೇಳೋಣವೆಂದರೆ, ಹೆತ್ತ ತಾಯಿಯ ಮೇಲಿನ ಮಾತು; ಹೇಗೆ ಬಾಯಿಬಿಡುವುದು?

ಐದನೆಯ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ಲೋಟ ಬಗ್ಗಿಸಿದ್ದಾಗಲೇ ಮುದುಕಮ್ಮ ಹಿಂದೆ ಬಂದು ನಿಂತಳು.

"ಕುಡಿಯಾಕಂತ ಕೊಟ್ರ ಬಚ್ಚಲಕ ಹಾಕ್ತಿಯೇನ?"

ನೀಲಗಂಗಮ್ಮ ಗೋಡೆಗೆ ಆತುಕೊಂಡಳು. "ಅತ್ತೀ, ನನ್ನ ಕೊಲ್ಲಬ್ಯಾಡ್ರಿ. ಸೊಂಡೂರಿನಾಕಿನ್ನ ತಂದ್ಕೊಳ್ರಿ. ನಾನು ತವರಿಗೆ ಹೋಗ್ತೀನಿ."

"ಏನಂದಿ?"

"ಅದ್ರಾಗ ವಿಷ ಐತಿ."

ಮುದುಕಮ್ಮನ ಮುಖ ಬಿಳಿಚಿತು. ಅವಳು ಜಗಳ ತೆಗೆಯಲಿಲ್ಲ. ಒಳಗೆ ಹೋಗಿ ಉಳಿದ ಬೇರನ್ನಷ್ಟೂ ತೇಯ್ದಳು, ಹಾಲಿಗೆ ಹಾಕಿ ಕದಡಿ, ಸೊಸೆಯ ಎದುರಿಗೇ ಗಟಗಟನೆ ಕುಡಿದು ಲೋಟ ಬೋರಲು ಹಾಕಿದಳು. "ನೋಡ್ಕೋ. ವಿಷ ಇದ್ರ ನಾನು ಸಾಯ್ತೀನಿ."

ಗಳಿಗೆ ಕಳೆಯುವುದರೊಳಗೆ ಅವಳ ಮುಖ ಕೆಂಪಾಯಿತು. ಕಣ್ಣಿನ ಪಾಪೆ ಹಿಗ್ಗಿ ಕಣ್ಣೆಲ್ಲ ಕಪ್ಪಾಗಿ ಕಂಡಿತು. ನೆಲದ ಮೇಲೆ ಕುಳಿತು ಸೀರೆಯಿಂದ ಏನನ್ನೋ ಹೆಕ್ಕಿ ಹೆಕ್ಕಿ ಎಸೆಯತೊಡಗಿದಳು.

"ಇರುವಿ. ಎಷ್ಟು ಇರುವಿ! ತೆಗಿಯೇ, ತೆಗಿ!"

ಅಲ್ಲಿ ಒಂದು ಇರುವೆಯೂ ಇರಲಿಲ್ಲ. ನೀಲಗಂಗಮ್ಮ ಅವಳ ಕೈ ಹಿಡಿದು ನಿಲ್ಲಿಸಲು ನೋಡಿದಳು. ಕೊಲ್ಲುವವಳು ಎಂದುಕೊಂಡಿದ್ದವಳು ಕಣ್ಣೆದುರೇ ಸಾಯುತ್ತಿದ್ದಳು, ಅದೂ ತನ್ನ ಮಾತಿನಿಂದ. ಪಕ್ಕದ ಮನೆಯವಳನ್ನು ಕೂಗಿ ಕೂರಿಸಿ, ಬರಿಗಾಲಲ್ಲಿ ಅಂಗಡಿಗೆ ಓಡಿದಳು. ಗಂಡನಿಗೆ ಹೇಳಲು ಉಸಿರೇ ಬರಲಿಲ್ಲ. "ಅತ್ತಿ... ಡಾಕ್ಟ್ರು... ಜಲ್ದಿ" ಎಂದಷ್ಟೇ ಅಂದಳು.

ದವಾಖಾನೆಯ ಡಾಕ್ಟರು ಬಂದು ಕೊಳವೆ ಇಳಿಸಿ ಹೊಟ್ಟೆ ತೊಳೆದರು. ತೇಯುವ ಕಲ್ಲಿನ ಬಳಿ ಬಿದ್ದಿದ್ದ ಬೇರಿನ ಚೂರನ್ನು ಬೆಳಕಿಗೆ ಹಿಡಿದು ನೋಡಿ, "ಇದು ಉಮ್ಮತ್ತಿ ಬೇರು, ದತ್ತೂರದ ವಿಷ. ಇದನ್ನು ಯಾರಾದರೂ ಕುಡಿಯುತ್ತಾರೆಯೇ?" ಎಂದು ಗದರಿದರು. ಉಜ್ಜಿನಪ್ಪ ಆಳುಗಳೊಂದಿಗೆ ಗಾಡಿ ಕಟ್ಟಿಕೊಂಡು ಹಂಪಿ, ಕಮಲಾಪುರವೆಲ್ಲ ಹುಡುಕಿದ. ಬೇರು ಮಾರುವವನು ಎಲ್ಲೂ ಸಿಗಲಿಲ್ಲ.

ಮುದುಕಮ್ಮ ನಾಲ್ಕನೆಯ ದಿನ ಎದ್ದು ಕುಳಿತಳು. ನೀಲಗಂಗಮ್ಮ ಗಂಜಿ ತಂದು, ಮೊದಲು ತಾನೊಂದು ಗುಟುಕು ಕುಡಿದು, ಬಟ್ಟಲನ್ನು ಅವಳ ಕೈಗಿಟ್ಟಳು.

"ನಾನು ಬೇಕಂತ ಕೊಟ್ಟೆ ಅನ್ಕೊಂಡಿದ್ಯಾ?" ಅತ್ತೆಯ ದನಿ ಇನ್ನೂ ಕ್ಷೀಣವಾಗಿತ್ತು.

ಸುಳ್ಳು ಹೇಳಲು ಸೊಸೆಗೆ ಮನಸ್ಸಾಗಲಿಲ್ಲ. "ಹೌದ್ರಿ ಅತ್ತೀ. ಪುಸ್ತಕದಾಗ ಹಂಗ ಇತ್ತು."

ಮುದುಕಮ್ಮ ಒಂದು ಗುಟುಕು ಗಂಜಿ ಕುಡಿದಳು.

"ನಿನ್ನ ಗಂಡ ಹುಟ್ಟೋಕ್ಕಿಂತ ಮೊದ್ಲು ನಮ್ಮತ್ತಿ ಕೊಟ್ಟ ಹಾಲನ್ನ ನಾನೂ ಆರು ತಿಂಗಳು ಬಚ್ಚಲಕ ಹಾಕೀನಿ" ಎಂದಳು. "ನಂಗ ಓದಾಕ ಸೈತ ಬರ್ತಿರಲಿಲ್ಲ."