ಆಗ್ನೇಯ ಮೂಲೆಯ ತುರ್ತು ಬಾಗಿಲು

ಬಾಗಲೂರಿನ ಖಾಲಿ ಸೈಟಿನಲ್ಲಿ ನಿಂತಿದ್ದ ಹಳದಿ ಬಸ್ಸಿನೊಳಗೆ ದ್ರೌಪದಮ್ಮ ಮೊಬೈಲನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಲ್ಲೇ ಸುತ್ತುತ್ತಿದ್ದಳು. ಮೊಬೈಲಿನಲ್ಲಿ ದಿಕ್ಕು ತೋರಿಸುವ ಮುಳ್ಳಿತ್ತು. ಬಸ್ಸಿನ ಮೂತಿ ಬಡಗಣಕ್ಕೆ. ಹಾಗಾದರೆ ಹಿಂದಿನ ಬಲಮೂಲೆ ಆಗ್ನೇಯ. ಆಗ್ನೇಯ ಅಂದಮೇಲೆ ಒಲೆ ಅಲ್ಲೇ.

"ಅತ್ತಿಗೆ, ಬಸ್ಸಿಗೂ ವಾಸ್ತುನಾ?" ಮೈದುನ ಸುಬ್ರಮಣಿ ಬಾಗಿಲಲ್ಲಿ ನಿಂತು ಕೇಳಿದ. "ಅದು ತಿರುಗೋ ವಸ್ತು. ಯಲಹಂಕದಲ್ಲಿ ಆಗ್ನೇಯ, ಕೊಡಿಗೇಹಳ್ಳಿಲಿ ವಾಯವ್ಯ. ಹೆಬ್ಬಾಳದ ಫ್ಲೈಓವರ್ ಟ್ರಾಫಿಕ್ಕಲ್ಲಿ ಮಾತ್ರ ಯಾವ ಮೂಲೇನೂ ಅಲ್ಲಾಡಲ್ಲ, ಅಲ್ಲೇ ಅಡಿಗೆ ಮಾಡ್ಕೊಳ್ಳಿ."

"ನಿಲ್ಲೋದೆಲ್ಲಿ? ಇದೇ ಸೈಟಲ್ಲಿ. ಇಲ್ಲಿ ಸರಿಯಾಗಿದ್ರೆ ಎಲ್ಲಾ ಕಡೆ ಸರಿಯಾಗಿರ್ತದೆ," ಅಂದಳು ದ್ರೌಪದಮ್ಮ. ಜಾತಕ ಹುಟ್ಟಿದ ಊರಲ್ಲಿ ಬರೆಸ್ತಾರೋ, ಹೋದ ಊರಲ್ಲೆಲ್ಲ ಬರೆಸ್ತಾರೋ? ಆ ಲೆಕ್ಕ ಅವಳಿಗೆ ಪಕ್ಕಾ.

ಆ ಬಸ್ಸನ್ನು ಹದಿನಾಲ್ಕು ವರ್ಷ ಓಡಿಸಿದವನು ಅವಳ ಗಂಡ ಮುನಿನಾರಾಯಣಪ್ಪ. ಅದೇ ಬಸ್ಸಿನಲ್ಲಿ ಹದಿನಾಲ್ಕು ವರ್ಷ ಮಕ್ಕಳನ್ನು ಹತ್ತಿಸಿ ಇಳಿಸಿದ ಆಯಾ ಅವಳು. ಶಾಲೆಯವರು ಹೊಸ ಬಸ್ಸು ತಂದು ಹಳೆಯದನ್ನು ಮಾರಲು ಹೊರಟಾಗ ಮುನಿನಾರಾಯಣಪ್ಪನೇ ಕೊಂಡುಕೊಂಡ. ಮನೆಯವರೆಲ್ಲ ಮಲಗಿ, ಉಂಡು, ಊರೂರು ತಿರುಗುವ ಬಸ್ಸು ಮಾಡಬೇಕೆಂಬುದು ದ್ರೌಪದಮ್ಮನ ಹಟ. ಮಂತ್ರಿಗಳ ಶಿಫಾರಸು ತಂದರೂ ಸಿಗದ ಆ ಶಾಲೆಯ ನಲವತ್ತು ಸೀಟು ಒಂದೇ ಮಧ್ಯಾಹ್ನದಲ್ಲಿ ಖಾಲಿಯಾದವು. ಕಿತ್ತವನು ಟಿ. ದಾಸರಹಳ್ಳಿಯಲ್ಲಿ ಬಾಡಿ ಕಟ್ಟುವ ಶೆಡ್ ಇಟ್ಟಿರುವ ಜಮೀರ್.

ಹಟಕ್ಕೆ ಕಾರಣವಿತ್ತು. ಪ್ರತಿ ವರ್ಷ ಶಾಲೆಯ ಪ್ರವಾಸಕ್ಕೆ ಅವಳೂ ಹೋಗಿದ್ದಳು. ಮೈಸೂರು, ಶ್ರವಣಬೆಳಗೊಳ, ನಂದಿ ಬೆಟ್ಟ, ಹಂಪಿ. ಮಕ್ಕಳು ಇಳಿದ ಕೂಡಲೇ ಪ್ರಿನ್ಸಿಪಾಲರು ಮೂಗಿನಲ್ಲೇ ಹೇಳುತ್ತಿದ್ದರು: "ದ್ರೌಪದೀ, ನೀವು ಬಸ್ಸಲ್ಲೇ ಇರಿ, ಬ್ಯಾಗ್ಸ್ ಎಲ್ಲಾ ಇದಾವೆ." ಆ ಮೂಗು, ಆ ರಾಗ, ಆ ಕನ್ನಡಕ ಸರಿಪಡಿಸುವ ಬೆರಳು, ಎಲ್ಲವನ್ನೂ ಮನೆಯಲ್ಲಿ ಮಾಡಿ ತೋರಿಸಿ ಅವಳು ಎಲ್ಲರನ್ನೂ ನಗಿಸುತ್ತಿದ್ದಳು. ಆದರೆ ಅವಳು ಕಂಡ ಕರ್ನಾಟಕವೆಲ್ಲ ಪಾರ್ಕಿಂಗ್ ಜಾಗ. ಗೊಮ್ಮಟನ ಊರಿನಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿರುವುದು ಎಳನೀರಿನವನು.

ಸೈಟು ಅಣ್ಣತಮ್ಮಂದಿರ ಜಂಟಿ ಆಸ್ತಿ. ಸಹಕಾರನಗರದಲ್ಲಿ ಮನೆ ಮಾಡಿಕೊಂಡಿದ್ದ ಸುಬ್ರಮಣಿಗೆ ಅದನ್ನು ಕಾರು ತೊಳೆಯುವ ಅಂಗಡಿಗೆ ಬಾಡಿಗೆಗೆ ಕೊಡುವ ಆಸೆ. ಭಾನುವಾರ ಊಟದ ಎಲೆ ಮುಂದೆಯೇ ತೀರ್ಮಾನ ಹೇಳಿದ: "ಅಣ್ಣಾ, ಶುಕ್ರವಾರ ಆರ್‌ಟಿಓ ತಪಾಸಣೇಲಿ ಪಾಸಾದ್ರೆ ಬಸ್ಸು ಸೈಟಲ್ಲೇ ಇರ್ಲಿ, ನಾನು ಬಾಯಿ ಬಿಡಲ್ಲ. ಫೇಲಾದ್ರೆ ಶನಿವಾರ ಗುಜರಿ ಲಾರಿ ಬರುತ್ತೆ. ಒಪ್ಪಿಗೇನಾ?"

ಮುನಿನಾರಾಯಣಪ್ಪ ಅನ್ನ ಕಲಸುತ್ತಾ ತಲೆಯಾಡಿಸಿದ. ತಮ್ಮ ಓದಿದವನು, ಅವನಿಗೆ ಎದುರಾಡಿ ಇವನಿಗೆ ಅಭ್ಯಾಸವಿಲ್ಲ.

ಒಲೆ ಕೂರಿಸುವ ದಿನ ಜಮೀರ್ ಕಡಪ ಕಲ್ಲನ್ನು ಗೋಡೆಗೊರಗಿಸಿ ನಿಂತ. "ಅಮ್ಮಾ, ಈ ಮೂಲೇಲಿ ಎಮರ್ಜೆನ್ಸಿ ಬಾಗ್ಲಿದೆ. ಕಲ್ಲು ಅಡ್ಡ ಬರುತ್ತೆ. ಎಡಗಡೆಗೆ ಇಡ್ತೀನಿ, ಕೇಳಿ."

"ಹದಿನಾಲ್ಕು ವರ್ಸದಲ್ಲಿ ಆ ಬಾಗ್ಲು ಒಂದ್ ಸಲಾನೂ ತೆಗ್ದಿಲ್ಲ ಕಣಪ್ಪ. ತೆಗೀದಿರೋ ಬಾಗ್ಲು ಗೋಡೆನೇ."

"ಆಮೇಲೆ ನನ್ನ ಹೆಸ್ರು ಹೇಳ್ಬಾರ್ದು."

"ನಿನ್ನೆಸ್ರು ಯಾಕ್ ಏಳ್ಲಿ? ನಾನ್ ಏಳೋದು ಬೆಳಿಗ್ಗೆ ಐದಕ್ಕೆ," ಅಂದಳು ದ್ರೌಪದಮ್ಮ. ಜಮೀರ್ ನಗುತ್ತಲೇ ಸಿಮೆಂಟು ಕಲಸಿದ. ಗುರುವಾರ ಆ ಒಲೆಯ ಮೇಲೆ ಹೊಸ ಪಾತ್ರೆಯಲ್ಲಿ ಹಾಲು ಉಕ್ಕಿಸಿದರು. ಹಾಲು ಮೂಡಣಕ್ಕೇ ಚೆಲ್ಲಿತು. ನೆಂಟರು ಒಬ್ಬರ ಹಿಂದೊಬ್ಬರು ಬಸ್ಸಿಗೆ ಹತ್ತಿ, ಅರಿಶಿನ ಕುಂಕುಮ ತಗೊಂಡು, ಮುಂದಿನ ಬಾಗಿಲಿಂದಲೇ ಇಳಿದು ಹೋದರು.

ಶುಕ್ರವಾರ ಆರ್‌ಟಿಓ ಮೈದಾನ. ಮಗಳು ಶಿಲ್ಪ ಕಾಗದಪತ್ರದ ಫೈಲು ಹಿಡಿದು ನಿಂತಿದ್ದಳು. ಸುಬ್ರಮಣಿ ಸ್ಕೂಟರನ್ನು ಬಸ್ಸಿನ ಮುಂದೆಯೇ ನಿಲ್ಲಿಸಿ ಅದರ ಮೇಲೆ ಕೂತಿದ್ದ. ಇನ್‌ಸ್ಪೆಕ್ಟರ್ ಮೇಡಂ ಇನ್ನೂ ಮೂವತ್ತು ದಾಟದ ಹುಡುಗಿ. ಬ್ರೇಕು, ಲೈಟು, ವೈಪರು ನೋಡಿದರು. ಒಳಗೆ ಹತ್ತಿ ಮಡಚುವ ಮಂಚ ಮಡಚಿ ನೋಡಿ "ಚೆನ್ನಾಗಿದೆ" ಅಂದರು. ಆಮೇಲೆ ಕೇಳಿದರು: "ಎಮರ್ಜೆನ್ಸಿ ಬಾಗಿಲು ಎಲ್ಲಿ?"

ಮುನಿನಾರಾಯಣಪ್ಪ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ.

"ಒಲೆ ಹಿಂದ್ಗಡೆ ಐತೆ ಮೇಡಂ," ಅಂದಳು ದ್ರೌಪದಮ್ಮ.

"ಬೆಂಕಿ ಬಿದ್ರೆ ಓಡೋ ದಾರಿನ ಬೆಂಕಿ ಹಿಂದೆ ಇಟ್ಟಿದೀರಿ." ಮೇಡಂ ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು. "ಈಗ ಮೂರು ಗಂಟೆ. ನಾಲ್ಕೂವರೆ ತನಕ ಇರ್ತೀನಿ. ಬಾಗಿಲು ತೆಗೆದು ತೋರಿಸಿ. ಆಗಲ್ಲ ಅಂದ್ರೆ ಹೊಸದಾಗಿ ಅರ್ಜಿ ಹಾಕಿ, ಮುಂದಿನ ತಿಂಗಳು ನೋಡೋಣ."

ಸುಬ್ರಮಣಿಗೆ ಮುಂದಿನ ತಿಂಗಳು ಬೇಕಿರಲಿಲ್ಲ. "ಅಣ್ಣಾ, ಗುಜರಿಯವ್ರಿಗೆ ಫೋನ್ ಮಾಡ್ಬಿಡ್ಲಾ?" ಅಂದ, ಕಾಫಿ ತರಿಸಲಾ ಅಂದಷ್ಟೇ ಸಲೀಸಾಗಿ.

"ಬಿಡು ದ್ರೌಪದಿ," ಅಂದ ಮುನಿನಾರಾಯಣಪ್ಪ. "ಆಲು ಉಕ್ಕಿಸಿರೋ ಒಲೆ. ಅದನ್ನ ಒಡೆದ್ರೆ ಮನೆ ಒಡ್ದಂಗೆ. ನಮ್ ಅಣೇಲಿ ಇಲ್ಲ ಅಷ್ಟೇ."

ಅವನ ಮಾತು ಸುಳ್ಳಲ್ಲ. ಉಕ್ಕಿಸಿದ ಒಲೆ ಮುಟ್ಟಿದವರು ಯಾರಿದ್ದಾರೆ ಅವರ ಊರಲ್ಲಿ? ಮೂಲೆ ಆರಿಸಿದವಳು ದ್ರೌಪದಮ್ಮನೇ, ಜಮೀರನ ಬಾಯಿ ಮುಚ್ಚಿಸಿದವಳೂ ಅವಳೇ. ಬೈಯೋಣವೆಂದರೆ ಬೇರೆ ಮುಖ ಸಿಗುತ್ತಿಲ್ಲ. ಅವಳು ಮೂಗಿಗೆ ದನಿ ತಂದುಕೊಂಡಳು. "ದ್ರೌಪದೀ, ನೀವು ಬಸ್ಸಲ್ಲೇ ಇರಿ." ಯಾರೂ ನಗಲಿಲ್ಲ. "ಇಷ್ಟ್ ವರ್ಸ ಇದನ್ನ ಕೇಳ್ದೆ," ಅಂದಳು ತನ್ನದೇ ದನಿಯಲ್ಲಿ. "ನಾಳೆ ಬಸ್ಸೂ ಇಲ್ಲ ಅಂದ್ರೆ ನಾನೆಲ್ಲಿರ್ಲಿ? ಜಾಕಿ ರಾಡ್ ಕೊಡಿ ಇಲ್ಲಿ."

ಗಂಡ ಕೊಡಲಿಲ್ಲ. ಅವಳೇ ಡ್ರೈವರ್ ಸೀಟಿನ ಕೆಳಗಿಂದ ಎಳೆದಳು. ಒಲೆಯ ಮುಂದೆ ನಿಂತು ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಸ್ವಾಮೀ ಅಗ್ನಿದೇವ್ರೇ, ಮನೆ ಬದಲಾಯಿಸ್ತಾ ಇದೀವಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಮೊದಲ ಏಟಿಗೆ ಕಲ್ಲು ಕದಲಲಿಲ್ಲ. ಎರಡನೆಯದಕ್ಕೆ ರಾಡೇ ಕೈಯಿಂದ ಜಾರಿತು. ಐದನೆಯದಕ್ಕೆ ಕಡಪ ಕಲ್ಲು ಉದ್ದಕ್ಕೂ ಸೀಳಿತು. ಶಿಲ್ಪ ಫೈಲನ್ನು ಮಂಚದ ಮೇಲೆಸೆದು ಚೂರುಗಳನ್ನು ಕಿಟಕಿಯಿಂದ ಆಚೆ ಹಾಕತೊಡಗಿದಳು. "ಅತ್ತಿಗೆ, ಜನ ನೋಡ್ತಿದಾರೆ," ಅಂದ ಸುಬ್ರಮಣಿ.

"ನೋಡ್ಲಿ ಬಿಡಪ್ಪ. ನಾನು ಅವ್ರನ್ನ ನೋಡ್ಬೇಡಿ ಅಂದ್ನಾ?"

ಕಲ್ಲು ಹೋಯಿತು, ಬಾಗಿಲು ಕಂಡಿತು, ಹಿಡಿ ಮಾತ್ರ ತಿರುಗಲೊಲ್ಲದು. ಹದಿನಾಲ್ಕು ವರ್ಷದ ತುಕ್ಕು. ಅವಳು ಹಿಡಿಗೆ ಜೋತುಬಿದ್ದಳು. ಉಸಿರು ಬಿಗಿ ಹಿಡಿದು ಮತ್ತೆ ಜೋತುಬಿದ್ದಳು. ಆಗ ಪಕ್ಕದಿಂದ ಒಂದು ಕೈ ಬಂತು, ಕೈಯಲ್ಲಿ ಎಣ್ಣೆ ಡಬ್ಬಿ. ಮುನಿನಾರಾಯಣಪ್ಪ ಹಿಡಿಯ ಸಂದಿಗೆ ಎಣ್ಣೆ ಬಿಟ್ಟು, ಹೆಂಡತಿಯ ಕೈಯ ಮೇಲೆ ತನ್ನ ಕೈಯಿಟ್ಟ. ಇಬ್ಬರೂ ಭುಜ ಕೊಟ್ಟರು. ಬಾಗಿಲು ಒಮ್ಮೆಗೇ ತೆರೆದುಕೊಂಡಿತು, ದ್ರೌಪದಮ್ಮ ಸೀರೆಯ ಸಮೇತ ಮೈದಾನದ ಧೂಳಿಗೆ ಬಿದ್ದಳು. ಒಂದು ಮಂಡಿ ತರಚಿತು. ಎದ್ದಾಗ ಎದುರಿಗೆ ಮೇಡಂ ನಿಂತಿದ್ದರು, ಗಡಿಯಾರ ನೋಡುತ್ತಾ.

"ನಾಲ್ಕು ಇಪ್ಪತ್ತು," ಅಂದರು. "ಬಾಗಿಲು ಕೆಲಸ ಮಾಡುತ್ತೆ ಅಂತ ನೀವೇ ತೋರಿಸ್ಬಿಟ್ರಿ. ಒಲೆ ಎಲ್ಲಿಡ್ತೀರಿ ಈಗ?"

"ಎಡಮೂಲೆಗೆ."

"ಅದು ನೈಋತ್ಯ ಆಗ್ತದಲ್ಲೇ?" ಅಂದ ಮುನಿನಾರಾಯಣಪ್ಪ ಬಾಗಿಲಿಂದ ಇಣುಕಿ.

"ನೀವು ಮೂತಿ ಪಡುವಣಕ್ಕೆ ತಿರುಗ್ಸಿ ನಿಲ್ಸಿ, ಅದೇ ಆಗ್ನೇಯ ಆಗ್ತದೆ," ಅಂದಳು ಸೆರಗಿನ ಧೂಳು ಕೊಡವುತ್ತಾ. "ಮನೆ ತಿರುಗ್ಸೋಕಾಗಲ್ಲ ಅಂತ ಜನ ಗೋಡೆ ಒಡ್ಕೊಂಡು ಸಾಯ್ತಾರೆ. ನಮ್ ಮನೆಗೆ ಸ್ಟೇರಿಂಗ್ ಐತೆ."

ಮೇಡಂ ತಲೆ ಬಗ್ಗಿಸಿ ನಗು ಅಡಗಿಸಿಕೊಂಡು, "ಒಲೆ ಎಡಗಡೆಗೇ ಕೂರಿಸಿ, ಬಾಗಿಲಿಗೆ ಅಡ್ಡ ಏನೂ ಇರಬಾರದು" ಅಂತ ಬರೆದು ಸಹಿ ಹಾಕಿದರು.

ಸುಬ್ರಮಣಿ ಕಾಗದವನ್ನು ಎರಡು ಸಲ ಓದಿದ. "ಸರಿ, ಪಾಸು. ಆದ್ರೆ ಅತ್ತಿಗೆ, ನಮ್ ಸೈಟು ಉತ್ತರ ದಕ್ಷಿಣ ಉದ್ದ. ಪಡುವಣಕ್ಕೆ ತಿರುಗಿಸಿದ್ರೆ ಬಸ್ಸು ಪಕ್ಕದೋರ ಕಾಂಪೌಂಡಿಗೆ ಹೊಡೆಯುತ್ತೆ. ಅಲ್ಲಿ ನಿಲ್ಲಿಸೋಕಾಗಲ್ಲ."

ಮುನಿನಾರಾಯಣಪ್ಪನ ಮುಖ ಇಳಿಯಿತು. ದ್ರೌಪದಮ್ಮ ಮನಸ್ಸಲ್ಲೇ ಸೈಟು ಅಳೆದಳು. ಮೈದುನ ಹೇಳಿದ್ದು ಅಳತೆ ಪ್ರಕಾರ ಸರಿ. ನಿಲ್ಲಿಸಲು ಜಾಗವಿಲ್ಲ. ಆದರೆ ಇಡೀ ಜನ್ಮ ನಿಂತದ್ದಾಯಿತಲ್ಲ.

"ಆಗಿದ್ರೆ ನಿಲ್ಸಲ್ಲ," ಅಂದಳು. "ಕಾರು ತೊಳಿಸ್ಕೋ ಓಗು. ಅಂಗಂತ ನಮ್ಮರ್ಧ ಬಿಟ್ಟುಕೊಟ್ಟೆ ಅಂತ ತಿಳ್ಕೋಬೇಡ, ಬಂದ್ಮೇಲೆ ಕೇಳ್ತೀನಿ."

"ಬಂದ್ಮೇಲೆ ಅಂದ್ರೆ? ಎಲ್ಲಿಗೆ ಹೊರಟ್ರಿ?"

"ಮೊದ್ಲು ದಾಸರಹಳ್ಳಿಗೆ. ಜಮೀರ್ ಶೆಡ್ ಮುಚ್ಚೋದ್ರೊಳಗೆ ಒಲೆ ಕೂರಿಸ್ಬೇಕು. ತುಮಕೂರು ರಸ್ತೆ ಅಲ್ಲಿಂದ ಮುಂದಕ್ಕೂ ಓಗ್ತದಂತೆ, ನಾನಂತೂ ಇಳಿದು ನೋಡಿಲ್ಲ."

"ಅಮ್ಮಾ, ಬಟ್ಟೆಬರೆ ಏನೂ ತಂದಿಲ್ಲ," ಅಂದಳು ಶಿಲ್ಪ.

"ಒಗೆಯೋದು ಕಮ್ಮಿ ಆಯ್ತು. ಬಸ್ಸತ್ತು."

ಅವಳು ತುರ್ತು ಬಾಗಿಲಿಂದಲೇ ಒಳಗೆ ಹತ್ತಿ ಅದನ್ನು ಎಳೆದುಕೊಂಡಳು. ಮುನಿನಾರಾಯಣಪ್ಪ ಸ್ಟೇರಿಂಗ್ ಹಿಂದೆ ಕೂತು ಕೀಲಿ ತಿರುಗಿಸಿದ. ಬಸ್ಸು ಕೆಮ್ಮಿ ಎದ್ದಿತು. ಎದುರಿಗೆ ಸುಬ್ರಮಣಿ ಸ್ಕೂಟರಿನ ಮೇಲೆ ಮತ್ತೆ ಹೋಗಿ ಕೂತಿದ್ದ, ಅಣ್ಣ ಹೇಗೂ ಇಳಿದು ಬಂದು ಮಾತಾಡುತ್ತಾನೆ ಅಂತ. ಮುನಿನಾರಾಯಣಪ್ಪ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. ಅವಳು ತರಚಿದ ಮಂಡಿಗೆ ಅರಿಶಿನ ಮೆತ್ತಿಕೊಳ್ಳುತ್ತಿದ್ದಳು, ಇವನ ಕಡೆ ನೋಡಲೂ ಇಲ್ಲ.

ಅವನು ತಮ್ಮನ ಮುಖಕ್ಕೆ ಹಾರನ್ ಒತ್ತಿದ, ಸ್ಕೂಟರ್ ಪಕ್ಕಕ್ಕೆ ಸರಿಯುವ ತನಕ ಕೈ ತೆಗೆಯಲಿಲ್ಲ.