ಬಿಸಿ ಬಾನೆಟ್

ಆಯ್ತಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಯಾರು ಏನು ಕೇಳಿದರೂ "ಆಯ್ತಪ್ಪ" ಎಂದು ತಲೆಯಾಡಿಸುವವನಿಗೆ ಬೇರೆ ಹೆಸರು ಯಾಕೆ ಬೇಕು? ಒಮ್ಮೆ ಪಕ್ಕದ ಮನೆಯವರು ಏಣಿ ಒಯ್ದರು, ವಾಪಸು ತರಲಿಲ್ಲ. ಕೇಳಿ ತರುತ್ತೇನೆಂದು ಹೋದವನು ಅದೇ ಏಣಿ ಹತ್ತಿ ಅವರ ನೀರಿನ ತೊಟ್ಟಿ ತೊಳೆದುಕೊಟ್ಟು ಬರಿಗೈಯಲ್ಲಿ ಬಂದ. ಅಂಥ ಮನುಷ್ಯ. ಅವನ ತಂಗಿಗೂ ಊರು ಒಂದು ಹೆಸರಿಟ್ಟಿತ್ತು, ಮೆಣಸಿನಕಾಯಿ ಅಂತ. ಅದನ್ನು ಅವಳೆದುರು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಅಪ್ಪ ಬಿಟ್ಟುಹೋದ ಹೊಲವನ್ನು ಅಣ್ಣ ತಂಗಿ ಪಾಲು ಮಾಡಿಕೊಳ್ಳಲಿಲ್ಲ, ಕೆಲಸವನ್ನು ಪಾಲು ಮಾಡಿಕೊಂಡರು. ಹೊಲದ ಗೇಟೇ ಗಡಿ. ಒಳಗಿನದೆಲ್ಲ ಅವಳದು: ಬಿತ್ತನೆ, ಕಳೆ, ಕೊಯ್ಲು, ಬಾವಿಯ ಮೇಲಿನ ಡೀಸೆಲ್ ಪಂಪು. ಹೊರಗಿನದೆಲ್ಲ ಅವನದು: ಬಾಡಿಗೆ ಗಾಡಿ, ಮಾರುಕಟ್ಟೆ, ಮಾತುಕತೆ. ಅವನು ಒಳಗೆ ಬಂದು ಒಂದು ಹುಲ್ಲು ಕಿತ್ತರೂ ಅವಳು ಸಿಡಿದೇಳುತ್ತಿದ್ದಳು. ತಾನೂ ಅಷ್ಟೇ, ಗೇಟಿನಾಚೆಯ ವ್ಯವಹಾರಕ್ಕೆ ತಲೆ ಹಾಕಿದವಳಲ್ಲ. ಅದು ಅವಳಿಗೆ ಮಾನದ ಪ್ರಶ್ನೆಯಾಗಿತ್ತು.

ಬೆಳೆಯುತ್ತಿದ್ದದ್ದು ಸೊಪ್ಪು. ಸೊಪ್ಪಿನ ಬದುಕು ಬೆಳಗಿನ ತಂಪು ಇರುವಷ್ಟೇ ಹೊತ್ತು. ಬಾಡಿಗೆ ಗಾಡಿಯವನು ದಿನಾ ಎರಡು ಟ್ರಿಪ್ ಹೊಡೆಯುತ್ತಿದ್ದ, ಇವರ ಸೊಪ್ಪು ಎರಡನೆಯದರಲ್ಲಿ ಹೋಗುತ್ತಿತ್ತು. ಮಾರುಕಟ್ಟೆ ಮುಟ್ಟುವ ಹೊತ್ತಿಗೆ ದೊಡ್ಡ ಗಿರಾಕಿಗಳು ಎದ್ದುಹೋಗಿ, ಸೊಪ್ಪು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತಿತ್ತು. ಉಳಿದದ್ದು ದನದ ಬಾಯಿಗೆ. ಮೂರು ವರ್ಷ ಹೀಗೇ ನಡೆದಿತ್ತು. ಖಾಲಿ ಆಗದ ಬುಟ್ಟಿ ವಾಪಸು ಬಂದಾಗಲೆಲ್ಲ ಅವಳು ಅಣ್ಣನ ಜನ್ಮ ಜಾಲಾಡುತ್ತಿದ್ದಳು. ಅವನು "ಏನ್ ಮಾಡ್ಲಿ, ಅವನಿಗೂ ಅವನದೇ ಕಷ್ಟ ಇರತ್ತಲ್ಲ" ಎಂದು ತಲೆ ಕೆರೆದುಕೊಳ್ಳುತ್ತಿದ್ದ.

ಕೊನೆಗೆ ಒಂದು ಹಳೆಯ ಪಿಕಪ್ ಕೊಂಡುಬಿಡೋಣ ಎಂದು ತೀರ್ಮಾನವಾಯಿತು. ಪೇಟೆಯಲ್ಲಿ ಹಾಸಿಗೆ ಅಂಗಡಿಯವನೊಬ್ಬ ತನ್ನ ಡೀಸೆಲ್ ಪಿಕಪ್ ಮಾರುತ್ತಾನೆಂದು ಸುದ್ದಿ ಬಂತು. ಡೀಸೆಲ್ ಎಂಜಿನ್ ಅಂದರೆ ತನ್ನ ಪಾಲಿನ ಕೆಲಸವೆಂದು ಅವಳೂ ಜೊತೆಗೆ ಹೊರಟಳು. ಹೊರಡುವ ಮುಂಚೆ ಅವಳು ಅಣ್ಣನಿಗೆ ಒಂದೇ ಮಾತು ಹೇಳಿದ್ದಳು. ನಾವು ಬರುವುದು ಅವನಿಗೆ ಗೊತ್ತಾಗಬಾರದು, ಗಾಡಿ ತಣ್ಣಗಿರಬೇಕು. ಚಳಿಯ ಬೆಳಗಿನಲ್ಲಿ ಏಳದ ಡೀಸೆಲ್ ಗಾಡಿ ಇದ್ದರೆಷ್ಟು, ಬಿಟ್ಟರೆಷ್ಟು? ಒಮ್ಮೆ ಬಿಸಿಯಾದ ಮೇಲೆ ಎಂಥ ಮುದಿ ಎಂಜಿನ್ನೂ ಒಂದೇ ಏಟಿಗೆ ಎದ್ದು ನಿಂತು ನಾಟಕವಾಡುತ್ತದೆ. ಅದರ ಬಂಡವಾಳ ಬಯಲಾಗುವುದು ತಣ್ಣಗಿರುವಾಗಲೇ. ಪಂಪಿನ ಹಿಡಿ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಣ್ಣ "ಆಯ್ತು" ಅಂದಿದ್ದ.

ಹಾಸಿಗೆ ಅಂಗಡಿಯ ಹಿತ್ತಲಿಗೆ ಹೋಗಿ ಬಾನೆಟ್ ಮೇಲೆ ಕೈಯಿಟ್ಟಳು. ಸುಡುತ್ತಿತ್ತು. ತಿರುಗಿ ನೋಡಿದರೆ ಅಣ್ಣ ಅಂಗಡಿಯ ಬೋರ್ಡನ್ನು ಪರೀಕ್ಷೆಗೆ ಓದುವವನ ಹಾಗೆ ಓದುತ್ತಿದ್ದ.

"ಫೋನ್ ಮಾಡಿದ್ಯಾ?"

"ಹೇಳ್ದೆ ಕೇಳ್ದೆ ಒಬ್ಬರ ಬಾಗಿಲಿಗೆ ಹೇಗೆ ಹೋಗೋದು? ಏನಂದ್ಕೋತಾರೆ?"

ಅವಳ ಪಿತ್ತ ನೆತ್ತಿಗೇರಿತು. ಯಾರೋ ಏನೋ ಅಂದುಕೊಳ್ಳುತ್ತಾರೆ ಅಂತ ಈ ಮನುಷ್ಯ ಸ್ವಂತ ತಂಗಿಯ ದುಡಿಮೆಯನ್ನು ಮೂರು ವರ್ಷದಿಂದ ದನಕ್ಕೆ ತಿನ್ನಿಸಿದ್ದಾನೆ. ಇವತ್ತು ಆ ಹಾಸಿಗೆಯವನಿಗೆ, ಅಪ್ಪಾ ನಿನ್ನ ಗಾಡಿಯ ಹುಳುಕು ಮುಚ್ಚಿಟ್ಟುಕೋ, ನಾವು ಬರುತ್ತಿದ್ದೇವೆ ಅಂತ ಮುಂಗಡವಾಗಿ ತಿಳಿಸಿದ್ದಾನೆ. ಬೀದಿಯಲ್ಲಿ ಬೈಯಬಾರದೆಂದು ಹಲ್ಲು ಕಚ್ಚಿದಳು.

ಹಾಸಿಗೆಯವನು ನಗುತ್ತಾ ಬಂದ. ಮಾತೆಲ್ಲ ಅಣ್ಣನ ಹತ್ತಿರ. ಅವಳು ಅಲ್ಲಿ ಇದ್ದಾಳೆ ಎನ್ನುವುದೇ ಅವನ ಕಣ್ಣಿಗೆ ಬಿದ್ದಂತಿರಲಿಲ್ಲ. ಹೂವಿನ ಹಾಗೆ ಇಟ್ಟುಕೊಂಡಿದ್ದೇನೆ, ಹಾಸಿಗೆ ದಿಂಬು ಬಿಟ್ಟು ಬೇರೆ ಏನನ್ನೂ ಹೇರಿಲ್ಲ, ಭಾರ ತಡೆಯುವ ಸ್ಪ್ರಿಂಗ್ ಪಟ್ಟಿಗಳು ಹೊಸದರ ಹಾಗಿವೆ ಎಂದೆಲ್ಲ ಬಣ್ಣಿಸಿದ. ಆಯ್ತಪ್ಪ ಪ್ರತಿ ಮಾತಿಗೂ ತಲೆದೂಗಿದ. ಅವಳು ಹಿಂದಕ್ಕೆ ಹೋಗಿ ಗಾಡಿಯ ತೊಟ್ಟಿಯ ಮೂಲೆಯಲ್ಲಿ ಉಗುರು ಹಾಕಿ ಕೆರೆದಳು. ಬೂದು ಬಣ್ಣದ ಗಟ್ಟಿ ಚಕ್ಕೆಯೊಂದು ಕಿತ್ತು ಬಂತು. ಅದನ್ನು ತಂದು ಅವನ ಮೂಗಿನ ಕೆಳಗೆ ಹಿಡಿದಳು.

"ಈಗ ಹಾಸಿಗೆಗೆ ಸಿಮೆಂಟ್ ತುಂಬ್ತಾರಾ?"

ನಿಮ್ಮ ತಂಗಿ ತಮಾಷೆಯವರು ಎಂದು ಅವನು ಅಣ್ಣನಿಗೇ ಹೇಳಿ, ಗಾಡಿ ಶುರು ಮಾಡಿ ತೋರಿಸಲು ಕೀ ತೆಗೆದ. ಅವಳು ಆ ಕೀಯನ್ನು ಅವನ ಕೈಯಿಂದ ಕಿತ್ತುಕೊಂಡು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡಳು. ಅಲ್ಲೇ ಬಿದ್ದಿದ್ದ ಮರದ ಪೆಟ್ಟಿಗೆಯನ್ನು ಮಗುಚಿ ಅದರ ಮೇಲೆ ಕುಳಿತಳು.

"ತಣ್ಣಗಾಗಲಿ. ಆಮೇಲೆ ನಾನೇ ಶುರು ಮಾಡ್ತೀನಿ."

ಅಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿರಬೇಕು. ಹಾಸಿಗೆಯವನು ಮೊದಲು ನಕ್ಕ, ಆಮೇಲೆ ಮುಖ ಗಂಟಿಕ್ಕಿದ. ಗಾಡಿಯನ್ನು ನೆರಳಿಗೆ ಹಾಕಬೇಕು ಅಂದ, ದಾರಿಗೆ ಅಡ್ಡವಾಗಿದೆ ಅಂದ. ಅವಳು ಜಗ್ಗಲಿಲ್ಲ. ಕುಳಿತಲ್ಲಿಂದಲೇ ಇನ್ನೊಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಅಷ್ಟು ದೊಡ್ಡ ಹಿತ್ತಲಲ್ಲಿ ಸಮತಟ್ಟು ಜಾಗ ಬೇಕಾದಷ್ಟಿತ್ತು, ಗಾಡಿ ಮಾತ್ರ ಇಳಿಜಾರಿನ ತುದಿಯಲ್ಲಿ ಮೂತಿ ಕೆಳಗೆ ಮಾಡಿ ನಿಂತಿತ್ತು. ದಿನಾ ಉರುಳಿಸಿ ಶುರು ಮಾಡುವವನು ಮಾತ್ರ ಹಾಗೆ ನಿಲ್ಲಿಸುತ್ತಾನೆ. ಚಕ್ರದ ಮುಂದೆ ಸವೆದುಹೋದ ಕಲ್ಲೊಂದು ಬೇರೆ ಇತ್ತು.

ಮಧ್ಯಾಹ್ನ ಕಳೆಯಿತು. ಅಣ್ಣ ಕಾಣಿಸಲಿಲ್ಲ. ಎಲ್ಲಿ ಹೋದನೆಂದು ಬಗ್ಗಿ ನೋಡಿದರೆ, ಅಂಗಡಿಗೆ ಬಂದ ಹೊಸ ಹಾಸಿಗೆಗಳನ್ನು ತಲೆಯ ಮೇಲೆ ಹೊತ್ತು ಒಳಗೆ ಸಾಗಿಸುತ್ತಿದ್ದ. ಸುಮ್ಮನೆ ಕೂತಿರುವುದು ಹೇಗೆ, ಅವರ ಜಾಗದಲ್ಲಿ ಇದ್ದೀವಲ್ಲ ಅಂದ. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಮೈಯೆಲ್ಲ ಉರಿಯಿತು. ಮೋಸ ಮಾಡುವವನ ಮೇಲೆ ಬಂದ ಸಿಟ್ಟಿಗಿಂತ ಮೋಸಗಾರನ ಹಾಸಿಗೆ ಹೊರುವವನ ಮೇಲೆ ಬಂದ ಸಿಟ್ಟು ದೊಡ್ಡದಿತ್ತು.

ಬಿಸಿಲು ಇಳಿದು ಗಾಳಿ ಕೊರೆಯತೊಡಗಿದಾಗ ಬಾನೆಟ್ ಮುಟ್ಟಿದಳು. ತಣ್ಣಗಿತ್ತು. ಒಳಗೆ ಕುಳಿತು ಕೀ ತಿರುಗಿಸಿದಳು. ಎಂಜಿನ್ನು ಕೆಮ್ಮಿತು, ಏಳಲಿಲ್ಲ. ಮತ್ತೆ ತಿರುಗಿಸಿದಳು. ನರಳಿತು. ಬ್ಯಾಟರಿ ಸೋಲುವ ಹೊತ್ತಿಗೆ ಹೇಗೋ ಹಿಡಿದುಕೊಂಡಿತು, ಹಿತ್ತಲ ತುಂಬ ಬಿಳಿ ಹೊಗೆ ಕಕ್ಕಿ, ಗಾಡಿಯಿಡೀ ನಡುಗಿ, ಸತ್ತಿತು. ಆಮೇಲೆ ಜಪ್ಪಯ್ಯ ಅಂದರೂ ಏಳಲಿಲ್ಲ.

ಚಳಿಗೆ ಎಲ್ಲ ಗಾಡಿಗಳೂ ಹೀಗೇ, ಹೀಟರ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಹಾಸಿಗೆಯವನು ಅಣ್ಣನ ಹೆಗಲ ಮೇಲೆ ಕೈ ಹಾಕಿದ. ಅಣ್ಣನ ತುಟಿಯಲ್ಲಿ ಆ ಹಾಳು ಮಾತು ಆಗಲೇ ತಯಾರಾಗುತ್ತಿತ್ತು. ಅವಳು ಇಳಿದು ಬಂದು ಕೀಯನ್ನು ಅಣ್ಣನ ಅಂಗೈಯಲ್ಲಿ ಒತ್ತಿದಳು.

"ಫೋನ್ ಮಾಡಿದವನು ನೀನು. ಈಗ ನೀನೇ ಹೇಳು. ನಾನು ಬಾಯಿ ಬಿಡಲ್ಲ."

ಆ ಚಳಿಯಲ್ಲೂ ಅವನ ಕುತ್ತಿಗೆ ಬೆವರಿತು. ಕೀ ನೋಡಿದ, ನೆಲ ನೋಡಿದ, ತಂಗಿಯ ಮುಖ ನೋಡಿದ. ಅಲ್ಲಿ ದಯೆ ಇರಲಿಲ್ಲ.

"ಬೇಡ," ಅಂದ. ಧ್ವನಿ ಅವನಿಗೇ ಕೇಳಿಸಿತೋ ಇಲ್ಲವೋ.

ಹಾಸಿಗೆಯವನು ಒಂದಿಡೀ ದಿನ ಹಾಳು ಮಾಡಿದಿರಿ, ಹೆಂಗಸಿನ ಮಾತು ಕೇಳಿ ಕುಣಿಯುವವರು ವ್ಯಾಪಾರಕ್ಕೆ ಯಾಕೆ ಬರುತ್ತೀರಿ ಎಂದು ಕೂಗಾಡಿದ.

"ನಿಮ್ಮ ಗಾಡಿ ಏಳಲ್ಲ. ನಮಗೆ ಬೇಡ," ಅಣ್ಣ ಈ ಸಲ ಗಟ್ಟಿಯಾಗಿ ಹೇಳಿ ಕೀಯನ್ನು ಬಾನೆಟ್ ಮೇಲೆ ಇಟ್ಟ.

ಬಸ್ಸಿಳಿದಾಗ ಬಾಡಿಗೆ ಗಾಡಿಯವನು ರಸ್ತೆ ಬದಿಯಲ್ಲಿ ಗಾಜು ಒರೆಸುತ್ತಿದ್ದ. ಅಣ್ಣನ ಕಿವಿ ಇನ್ನೂ ಕೆಂಪಗಿತ್ತು, ಮೈಯಲ್ಲಿ ಆ ಹೊಸ ಬಿಸಿ ಇನ್ನೂ ಆರಿರಲಿಲ್ಲ. ನೇರವಾಗಿ ಹೋಗಿ ನಿಂತ.

"ನಾಳೆಯಿಂದ ನಮ್ಮ ಸೊಪ್ಪು ಮೊದಲ್ನೇ ಟ್ರಿಪ್ಪಲ್ಲಿ ಹೋಗ್ಬೇಕು. ಬಾಡಿಹೋಗ್ತಿದೆ."

ಗಾಡಿಯವನು ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಅವನನ್ನೇ ನೋಡಿದ.

"ಅಷ್ಟೇನಾ? ಮೊದಲೇ ಹೇಳೋದಲ್ವಾ ಅಣ್ಣಾ. ಮೊದಲ್ನೇದ್ರಲ್ಲಿ ಹೋಗೋದು ಮೇಲಿನ ಹೊಲದವರ ಕುಂಬಳಕಾಯಿ, ಅದು ಯಾವಾಗ ಹೋದ್ರೂ ನಡೆಯತ್ತೆ. ನೀವು ಏನೂ ಅನ್ನಲ್ವಲ್ಲ, ನಿಮಗೆ ಎರಡನೇದೇ ಅನುಕೂಲ ಅಂದ್ಕೊಂಡಿದ್ದೆ."

ಕುಂಬಳಕಾಯಿ! ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟರೂ ಹಾಳಾಗದ ಕುಂಬಳಕಾಯಿ ಮೂರು ವರ್ಷ ಮೊದಲು ಹೋಗಿದೆ, ಅವಳ ಸೊಪ್ಪು ಕಾದಿದೆ. ಒಂದೇ ಒಂದು ಮಾತು, ಅದನ್ನೂ ಈ ಅಣ್ಣ ಆಡಲಿಲ್ಲ. ಅವನು ತಲೆ ತಗ್ಗಿಸಿ, ಬೈಗುಳ ಬೀಳುವುದನ್ನು ಕಾಯುತ್ತಾ ಪಕ್ಕದಲ್ಲಿ ನಡೆದ. ಅವಳು ಬಾಯಿ ತೆರೆದಳು. ಎದುರಿಗೆ ತಮ್ಮದೇ ಗೇಟು ಕಂಡಿತು.

ದಿನಾ ಬೆಳಿಗ್ಗೆ ಖಾಲಿ ಗಾಡಿ ಈ ಗೇಟಿನ ಮುಂದೆಯೇ ಹಾದು ಮೇಲಕ್ಕೆ ಹೋಗುತ್ತಿತ್ತು. ತುಂಬಿದ ಬುಟ್ಟಿಗಳ ನಡುವೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಗೇಟಿನ ಒಳಗೆ ಅವಳು ನಿಂತಿರುತ್ತಿದ್ದಳು. ಅದು ಹೋಗುವುದನ್ನು ನೋಡುತ್ತಾ ಅಣ್ಣನಿಗೆ ಶಾಪ ಹಾಕುತ್ತಿದ್ದಳು. ಅಣ್ಣ ಪಾಪ ದಾಕ್ಷಿಣ್ಯಕ್ಕೆ ಬಾಯಿ ಕಟ್ಟಿಕೊಂಡ. ಊರಿಗೆಲ್ಲ ಕೇಳುವಷ್ಟು ಬಾಯಿದ್ದ ತನಗೆ ಏನಾಗಿತ್ತು? ಬೈದದ್ದೆಲ್ಲ ಅಣ್ಣನಿಗೆ, ಗಾಡಿಯವನಿಗೆ ಒಂದು ಮಾತೂ ಇಲ್ಲ. ಸಿಟ್ಟು ಗಂಟಲಲ್ಲೇ ತಿರುಗಿ ಅವಳ ಮೇಲೆಯೇ ಬಿತ್ತು. ಮನೆ ಮುಟ್ಟಿದರೂ ಬೈಗುಳ ಬೀಳದ್ದಕ್ಕೆ ಅಣ್ಣ ಇನ್ನಷ್ಟು ಹೆದರಿದ.

ಮರುದಿನ ಬೆಳಿಗ್ಗೆ ಗಾಡಿಯ ಸದ್ದು ಕೇಳಿದಾಗ ಅವಳು ಗೇಟು ತೆಗೆದು ಹೊರಗೆ ಬಂದು, ರಸ್ತೆಯ ನಟ್ಟನಡುವೆ ನಿಂತು ಕೈ ಅಡ್ಡ ಹಿಡಿದಳು.